ಸಾಹೇಬರಿಗೆ ಕೊಟ್ಟ ನೀರು

ಸಾಹೇಬರು ತಂಬಿಗೆ ಎತ್ತಿದರು. ಚಂದಪ್ಪ ಅವರ ಮುಖವನ್ನೇ ನೋಡುತ್ತ ನಿಂತ. ಈಗ ಮೂಗು ಮುಚ್ಚುತ್ತಾರೆ, ಈಗ ಉಗುಳುತ್ತಾರೆ. ಸಾಹೇಬರು ಗಟಗಟನೆ ಕೊನೆಯ ಹನಿಯವರೆಗೂ ಕುಡಿದು ಮೀಸೆ ಒರೆಸಿಕೊಂಡರು.

"ನೀರು ಭಾಳ ಛಲೋ ಅದರಿ ಯಜಮಾನರ. ಇಂಥಾ ಬಾವಿ ಇಟ್ಕೊಂಡು ಯಾಕ ತಕರಾರು ಮಾಡ್ತೀರಿ?"

ಚಂದಪ್ಪ ಖಾಲಿ ತಂಬಿಗೆಯೊಳಗೆ ಇಣುಕಿದ. ಅರೆಗಳಿಗೆಯ ಹಿಂದೆ ಓಣಿಗೆಲ್ಲ ಕೇಳುವಂತೆ ಅವನೇ ಹೇಳಿದ್ದ, "ಇದು ನಮ್ಮ ಬಾವಿ ನೀರರಿ. ಕುಡಿದು ನೋಡ್ರಿ, ನಾ ಬ್ಯಾರೆ ಏನೂ ಹೇಳೂದಿಲ್ಲ."

ಕರಜಗಿ ದಾಟಿದರೆ ಅವನ ಊರು. ಊರ ಮಗ್ಗುಲಲ್ಲೇ ಸ್ಪಿರಿಟ್ ಕಾರ್ಖಾನೆ. ಕಬ್ಬಿನ ಕಾಕಂಬಿಯಿಂದ ಸ್ಪಿರಿಟ್ ತೆಗೆದು ಉಳಿದ ಕರಿನೀರನ್ನು ಕಾರ್ಖಾನೆಯವರು ಬರೀ ಮಣ್ಣಿನ ಗುಂಡಿಗೆ ಬಿಡುತ್ತಿದ್ದರು. ಅದು ನೆಲಕ್ಕಿಳಿದು ಚಂದಪ್ಪನ ಬಾವಿ ಸೇರಿತು. ನೀರು ಚಹದ ಬಣ್ಣಕ್ಕೆ ತಿರುಗಿ ಕೊಳೆತ ಬೆಲ್ಲದ ನಾತ ಹೊಡೆಯತೊಡಗಿತು. ಮೊಮ್ಮಗಳ ಮೈತುಂಬ ಹುಣ್ಣು. ಸಿಹಿನೀರು ಬೇಕೆಂದರೆ ಹರದಾರಿ ದೂರದ ಮಠದ ಬಾವಿಗೆ ನಡೆಯಬೇಕು. ದಿನಾ ಅಷ್ಟು ದೂರ ಹೋಗಿ ಹೊತ್ತು ತರುವುದು ಯಾರಿಂದಲೂ ಆಗುತ್ತಿರಲಿಲ್ಲ. ಚಂದಪ್ಪ ಸೀಸೆಯಲ್ಲಿ ನೀರು ಒಯ್ದು ತೋರಿಸಿದರೆ ಮ್ಯಾನೇಜರ್ ಬಸವಂತರಾಯ, "ಕೆಸರು ಕಲಸಿ ತಂದೀಯೇನು?" ಎಂದು ನಕ್ಕಿದ್ದ. ಆ ನಗು ಚಂದಪ್ಪನ ಎದೆಯಲ್ಲಿ ಇನ್ನೂ ಉರಿಯುತ್ತಿತ್ತು.

ತೊಂಬತ್ತೆಂಟರಲ್ಲಿ ಹೊಸ ಸುದ್ದಿ ಬಂತು. ತಂದವನು ದಶರಥ, ಚಂದಪ್ಪನ ತಂಗಿಯ ಮಗ, ಅದೇ ಕಾರ್ಖಾನೆಯಲ್ಲಿ ಕಾರಕೂನ.

"ದೇಶದೇಶದವರು ಕೂಡಿ ಒಂದು ಪದ್ಧತಿ ಬರದಾರ ಮಾಮಾ. ಐಎಸ್ಒ ಅಂತಾರ. ಗಾಳಿ, ನೀರು ಹ್ಯಾಂಗ ಕಾಪಾಡಬೇಕು ಅಂತ. ಸರಕಾರದ ಜುಲುಮಿ ಇಲ್ಲ, ನಮ್ಮವರು ತಾವಾಗೇ ಒಪ್ಪಿಕೊಂಡಾರ. ಪುಣೆದಿಂದ ಸಾಹೇಬರು ತಪಾಸಣೆಗೆ ಬರ್ತಾರ. ಅವರು ಸರ್ಟಿಫಿಕೇಟ್ ಕೊಟ್ರ ಪರದೇಶಕ್ಕ ಮಾಲು ಹೋಗ್ತದ. ಕೊಡಲಿಲ್ಲಂದ್ರ ಗುಂಡಿಗಿ ಗಚ್ಚು ಹಾಕೂದ ಬರ್ತದ."

ಕಾರ್ಖಾನೆಯ ಗೋಡೆ ಹಸಿರಾಯಿತು. ಗೇಟಿನ ಮುಂದೆ ಗುಲಾಬಿ ಕುಂಡಗಳು ಬಂದವು. ಗುಂಡಿ ಮಾತ್ರ ಇದ್ದ ಹಾಗೇ ಇತ್ತು. ಸಾಹೇಬರ ಮುಂದೆ ವಾದ ಮಾಡಿದರೆ ಬಸವಂತರಾಯ ಗೆಲ್ಲುತ್ತಾನೆ, ಸೀಸೆ ತೋರಿಸಿದರೆ ನಗುತ್ತಾನೆ. ಚಂದಪ್ಪ ಬೇರೆಯೇ ಲೆಕ್ಕ ಹಾಕಿದ. ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಡುವುದು ಪದ್ಧತಿ. ಬೇಡ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಸಾಹೇಬರನ್ನು ಮನೆಯವರೆಗೆ ಕರೆತರಲು ದಶರಥ ಒಪ್ಪಿದ.

ಹಿಂದಿನ ಸಂಜೆ ಕೊಡವನ್ನು ಅವನೇ ಬಾವಿಯಿಂದ ತುಂಬಿಟ್ಟ. ಹೆಂಡತಿ ನಿಂಬೆವ್ವನಿಗೆ, "ನಾಳೆ ದೊಡ್ಡ ಮಂದಿ ಬರ್ತಾರ. ಬೆಲ್ಲ, ನೀರು ಕೊಡು," ಎಂದಷ್ಟೇ ಹೇಳಿದ. ಯಾಕೆ, ಏನು ಎಂದು ಹೆಂಗಸರಿಗೆ ಬಿಡಿಸಿ ಹೇಳುವ ಚಾಳಿ ಅವನಿಗಿರಲಿಲ್ಲ.

"ಭಾಳ ದೂರದವರೇನ್ರಿ?" ಎಂದು ಕೇಳಿದಳು.

"ಪುಣೆದವರು."

ಬೆಳಿಗ್ಗೆ ನೋಡಿದರೆ ಅವಳು ಮನೆಯಲ್ಲಿಲ್ಲ. ಬಿಸಿಲೇರಿದ ಮೇಲೆ ಹಿತ್ತಲ ಬಾಗಿಲಿನಿಂದ ಹೊರಬಂದಳು, ಸೀರೆಯೆಲ್ಲ ತೊಯ್ದಿತ್ತು, ಕತ್ತು ಸೊಟ್ಟಗೆ ಹಿಡಿದಿದ್ದಳು. ಇಂಥ ದಿನವೂ ಹೊಲ ಸುತ್ತುತ್ತೀಯಾ ಎಂದು ಚಂದಪ್ಪ ಬೈದ. ಅವಳು ಸೆರಗು ಹಿಂಡಿಕೊಂಡು ಒಳಗೆ ಹೋದಳು. ಅಷ್ಟರಲ್ಲಿ ದಶರಥ ಬಂದ. ಅವನ ಸೈಕಲ್ಲಿಗೆ ಆಫೀಸಿನ ನೀರಿನ ಕ್ಯಾನು ಕಟ್ಟಿತ್ತು. ನಿಂಬೆವ್ವ ಮೊಮ್ಮಗಳಿಗೆ ಮುಲಾಮು ಹಚ್ಚಲು ಹಿತ್ತಲಿಗೆ ಹೋದಳು, ಚಂದಪ್ಪ ಎತ್ತುಗಳಿಗೆ ಮೇವು ಹಾಕಲು ಹೋದ. ಆ ಹೊತ್ತಿನಲ್ಲಿ ಕೊಡದ ಹತ್ತಿರ ಇದ್ದವನು ದಶರಥನೊಬ್ಬನೇ.

ಈಗ ಅದೆಲ್ಲ ಚಂದಪ್ಪನಿಗೆ ಒಮ್ಮೆಲೇ ನೆನಪಾಯಿತು. ನಿಂಬೆವ್ವ ಬೆಲ್ಲದ ತಾಟು, ತಾಮ್ರದ ತಂಬಿಗೆ ಇಟ್ಟು ಆಗಲೇ ಹಿತ್ತಲಿಗೆ ಮರಳಿದ್ದಳು. ಅಂಗಳದಲ್ಲಿದ್ದವರು ಗಂಡಸರು ಮಾತ್ರ. ಚಂದಪ್ಪ ದಶರಥನ ಅಂಗಿ ಹಿಡಿದು ಎಳೆದ.

"ನೀರು ಬದಲ ಮಾಡ್ಯಾನ್ರಿ ಇವ. ಕ್ಯಾನು ನೋಡ್ರಿ. ಕಂಪನಿ ಅನ್ನ ತಿಂದು ನಮ್ಮ ಮನಿ ಮುರದಾನ."

"ನಾ ಮುಟ್ಟಿಲ್ಲ ಮಾಮಾ," ಎಂದ ದಶರಥ.

"ಬಾವಿಗೆ ಬರ್ರಿ ಸಾಹೇಬರ, ಕಣ್ಣಿಲೇ ನೋಡ್ರಿ," ಎಂದ ಚಂದಪ್ಪ.

ಸಾಹೇಬರು ಗಡಿಯಾರ ನೋಡಿದರು. ಗುಲ್ಬರ್ಗಾದಲ್ಲಿ ಅವರಿಗೆ ರೈಲು ಹಿಡಿಯುವುದಿತ್ತು. "ನೀವೇ ನಿಮ್ಮ ಬಾವೀದು ಅಂದ್ರಿ, ನಾನೇ ಕುಡಿದೆ. ಇನ್ನೇನು ನೋಡೂದದ?"

ಬಸವಂತರಾಯ ಇಷ್ಟು ಹೊತ್ತು ಬೆರಗಾಗಿ ನಿಂತಿದ್ದವನು ಈಗ ಚೇತರಿಸಿಕೊಂಡ. "ಸಾಹೇಬರ, ಜೀಪು ಇತ್ತ ಬರೂದಿರಲಿಲ್ಲ. ನಮ್ಮನ್ನ ಕೇಳದ, ರಸ್ತೆಗಿ ಅಡ್ಡ ನಿಂತು ಈ ಓಣಿಗೆ ತಿರುಗಿಸಿದವ ಈ ದಶರಥನೇ. ಈಗ ಊರವರೂ ಇವನ ಮ್ಯಾಲ ದೂರು ಹೇಳ್ಯಾರ. ಇವತ್ತ ಕೆಲಸದಿಂದ ತೆಗೀತೇವಿ."

ಸಾಹೇಬರು ಮೆಚ್ಚಿ ತಲೆಯಾಡಿಸಿದರು. "ದೂರು ಬಂದ ಕೂಡಲೇ ಕ್ರಮ. ನಮ್ಮ ಪದ್ಧತಿ ಕೇಳೂದು ಇದನ್ನೇ ನೋಡ್ರಿ."

ಜೀಪು ಹೊರಟುಹೋಯಿತು. ದಶರಥ ಕ್ಯಾನಿನ ಮುಚ್ಚಳ ತೆಗೆದು ತೋರಿಸಿದ. ಕ್ಯಾನು ತುಂಬಿದ್ದು ತುಂಬಿದ ಹಾಗೇ ಇತ್ತು. ಸೈಕಲ್ ತಳ್ಳಿಕೊಂಡು ಹೋದ. ಇವನಲ್ಲದಿದ್ದರೆ ಮತ್ಯಾರು? ಚಂದಪ್ಪ ಒಳಗೆ ಧಾವಿಸಿ ಕೊಡವನ್ನು ಎರಡೂ ಕೈಯಿಂದ ಎತ್ತಿ ಅಂಗಳಕ್ಕೆ ಬೀಸಲು ಹೊರಟ.

ಹಿತ್ತಲಿನಿಂದ ಓಡಿ ಬಂದ ನಿಂಬೆವ್ವ ಅವನ ಕೈ ಹಿಡಿದಳು. "ಚೆಲ್ಲಬ್ಯಾಡ್ರಿ, ಮನಿಗಿ ಬಂದವರಿಗಿ ಆ ಹೊಲಸು ನೀರು ಹ್ಯಾಂಗ ಕೊಡ್ಲಿ ಅಂತ, ನಸುಕಿನ್ಯಾಗ ಮಠದ ಬಾವಿಗಿ ಹೋಗಿ ಹೊತ್ತು ತಂದೀನಿ."