ಮದ್ದು ಹಾಕಿದವರು

"ಇವಳು ನನಗೆ ಮದ್ದು ಹಾಕ್ತಿದ್ದಾಳೆ ಕಣೇ. ಬೇಗ ಬಾ."

ಫೋನಿನಲ್ಲಿ ಅಮ್ಮನ ಪಿಸುದನಿ ಕೇಳಿದಾಗ ಮಗಳು ಡ್ರೈವಿಂಗ್ ಪಾಠ ಹೇಳಿಕೊಡುತ್ತಿದ್ದಳು. ಕಾರು ಅರ್ಧ ತಿರುವಿನಲ್ಲಿತ್ತು. ಕಲಿಯುತ್ತಿದ್ದವನನ್ನು ಅಲ್ಲೇ ರಸ್ತೆಬದಿಯಲ್ಲಿ ಇಳಿಸಿ, ಅದೇ ಕಾರನ್ನು ಅಣ್ಣನ ಮನೆಗೆ ಓಡಿಸಿದಳು.

ಬಾಗಿಲು ತೆಗೆದ ಅತ್ತಿಗೆಯ ಮುಖ ಬಿಳಿಚಿತ್ತು. "ಸದ್ಯ, ನೀವು ಬಂದ್ರಿ. ಅತ್ತೆನ ಆಸ್ಪತ್ರೆಗೆ ಸೇರಿಸ್ಬೇಕು."

"ಏನು ಕುಡಿಸಿದೀರಿ, ಅದನ್ನ ಮೊದಲು ಹೇಳಿ."

ಅತ್ತಿಗೆ ಪಕ್ಕಕ್ಕೆ ಸರಿದು ಕೋಣೆಯತ್ತ ಕೈತೋರಿಸಿದಳು.

ಕೋಣೆಯಲ್ಲಿ ಅಮ್ಮ ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಒರೆಸುತ್ತಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. ಮಗಳ ಗುರುತೇ ಹತ್ತಲಿಲ್ಲ. ಹಾಸಿಗೆಯಿಂದ ಮೂತ್ರದ ಘಾಟು ಏಳುತ್ತಿತ್ತು.

ಮೂತ್ರದ ಉರಿ ಅಮ್ಮನಿಗೆ ಹೊಸತಲ್ಲ. ಉರಿ ಎಂದಾಗಲೆಲ್ಲ ಮಗಳೇ ಪರಿಚಯದ ಅಂಗಡಿಯಿಂದ ಒಂದಕ್ಕಿಂತ ಒಂದು ಜೋರಿನ ಆಂಟಿಬಯೋಟಿಕ್ ತಂದುಕೊಡುತ್ತಿದ್ದಳು. ನಾಲ್ಕು ಮಾತ್ರೆ ಒಳಗೆ ಹೋದರೆ ಸಾಕು, ಅಮ್ಮ ಎದ್ದು ಓಡಾಡುತ್ತಿದ್ದಳು. ಮಿಕ್ಕದ್ದು ಮುಂದಿನ ಸಲಕ್ಕೆ ಡಬ್ಬಿ ಸೇರುತ್ತಿತ್ತು. "ಫೀಸಿಲ್ಲದ ಡಾಕ್ಟರಮ್ಮ" ಎಂದು ಅಣ್ಣ ತಂಗಿಯನ್ನು ರೇಗಿಸುತ್ತಿದ್ದ.

ಈಗ ಡಬ್ಬಿ ಖಾಲಿ. ಮಾತ್ರೆಗಳೆಲ್ಲ ಕಸದ ಬುಟ್ಟಿಯಲ್ಲಿ ಬಿದ್ದಿದ್ದವು.

"ಬಿಸಾಕಿದ್ದು ನೀವಾ?"

"ಹೌದು. ಪರೀಕ್ಷೆ ಮಾಡಿಸದೆ ಕೊಡಬಾರದು ಅಂತ ಕ್ಲಿನಿಕ್ಕಲ್ಲಿ..."

"ಸಾಕು ಮಾಡಿ. ಅಮ್ಮ ಸಾಯಲಿ ಅಂತ ತಾನೇ?"

ಮಗಳು ಬುಟ್ಟಿಗೆ ಕೈಹಾಕಿ ಮಾತ್ರೆಗಳನ್ನು ಆರಿಸಿಕೊಂಡಳು. ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದಾಗಿ ನುಂಗಿಸಿದಳು. ಒಳಗಿನಿಂದ ಚಿಲಕ ಹಾಕಿದಳು.

"ದಯವಿಟ್ಟು ಬಾಗಿಲು ತೆಗೀರಿ, ಹೊತ್ತು ಮೀರ್ತಿದೆ," ಎಂದು ಅತ್ತಿಗೆ ಹೊರಗಿನಿಂದ ಅಂಗಲಾಚುತ್ತಲೇ ಇದ್ದಳು.

"ನಿಮ್ಮ ಕೈಯಿಂದ ತಪ್ಪಿಸಿದೀನಲ್ಲ, ಇನ್ನು ತಾನೇ ಹುಷಾರಾಗ್ತಾಳೆ."

ಅಮ್ಮ ಹುಷಾರಾಗಲಿಲ್ಲ. ಸಂಜೆಯ ಹೊತ್ತಿಗೆ ಹಲ್ಲು ಕಟಕಟಿಸುವ ನಡುಕ ಬಂತು. ಆಮೇಲೆ ನಡುಕವೂ ನಿಂತು ಕೈಕಾಲು ತಣ್ಣಗಾದವು. ಹೆಂಡತಿಯ ಫೋನಿಗೆ ಕೆಲಸ ಬಿಟ್ಟು ಓಡಿಬಂದ ಅಣ್ಣ ಬಾಗಿಲು ಒಡೆದು, ಅಮ್ಮನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ.

ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನಲ್ಲಿ ಮೂವರೂ ಎರಡು ದಿನ ಕಾದರು. ಅತ್ತಿಗೆ ತಂದ ಚಹಾವನ್ನು ಮಗಳು ಮುಟ್ಟಲಿಲ್ಲ. "ವಿಷದ ಪರೀಕ್ಷೆನೂ ಮಾಡ್ಸು," ಎಂದು ಅಣ್ಣನಿಗೆ ಗಟ್ಟಿಯಾಗಿಯೇ ಹೇಳಿದಳು. ಅತ್ತಿಗೆ ಆರಿದ ಚಹಾವನ್ನು ಎತ್ತಿಟ್ಟಳು.

ಕೊನೆಗೆ ಡಾಕ್ಟರು ಹೊರಬಂದರು.

"ವಿಷ ಏನೂ ಇಲ್ಲ. ಮೂತ್ರದ ಸೋಂಕು ರಕ್ತಕ್ಕೆ ಸೇರಿದೆ. ವಯಸ್ಸಾದವರಿಗೆ ಅದು ತಲೆಗೇರಿ ಏನೇನೋ ಭ್ರಮೆ ಹುಟ್ಟಿಸತ್ತೆ, ಮನೆಯವರ ಮೇಲೇ ಅನುಮಾನ ಬರತ್ತೆ. ತೊಂದರೆ ಅದಲ್ಲ. ಈ ಬ್ಯಾಕ್ಟೀರಿಯಾ ಯಾವ ಔಷಧಿಗೂ ಬಗ್ತಿಲ್ಲ. ಕೇಳದೆ ಮಾಡದೆ, ಸಿಕ್ಕಿದ ಆಂಟಿಬಯೋಟಿಕ್‌ನೆಲ್ಲ ಅರ್ಧಂಬರ್ಧ ನುಂಗಿಸಿ ನುಂಗಿಸಿ ಅದನ್ನ ಯಾರೋ ಸಾಕಿ ಬೆಳೆಸಿದಾರೆ. ಇನ್ನು ಉಳಿದಿರೋದು ಒಂದೇ ಇಂಜೆಕ್ಷನ್. ಮೂತ್ರಪಿಂಡ ತಡ್ಕೊಂಡ್ರೆ ಬದುಕ್ತಾರೆ." ಅವರು ಮೂವರ ಮುಖವನ್ನೂ ನೋಡಿದರು. "ಮಾತ್ರೆ ಕೊಡ್ತಿದ್ದವರು ಯಾರು?"

ಅಣ್ಣನ ಕಣ್ಣು ನಿಧಾನವಾಗಿ ತಂಗಿಯತ್ತ ಹೊರಳಿತು.

"ನಾನೇ ಡಾಕ್ಟ್ರೇ," ಎಂದಳು ಅತ್ತಿಗೆ, ನಾದಿನಿಯ ಕೈಯನ್ನು ತನ್ನ ಕೈಯೊಳಗೆ ಬಿಗಿಹಿಡಿದು.