ಸೂರ್ಯಭಂಜಕದೊಳಗಿನ ಕಪ್ಪೆಚಿಪ್ಪು

ಪ್ರೊಫೆಸರ್ ಬೂಲೆನ್ಸ್ ಎದ್ದು ನಿಂತು, ಪೀಟರ್ನೆಲ್‌ಳ ಇನ್ನೂರು ಪುಟದ ಪಿಎಚ್.ಡಿ. ಪ್ರಬಂಧವನ್ನು ಮುಚ್ಚಿಟ್ಟರು. ಅದರ ಜೊತೆ ಬಂದಿದ್ದ ಒಂದೇ ಒಂದು ಹಾಳೆಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು. ಅದರಲ್ಲಿ ಅವಳು ಸಭೆಯ ಮುಂದೆ ಸಮರ್ಥಿಸಬೇಕಾದ ಹತ್ತು ಪ್ರತಿಪಾದನೆಗಳಿದ್ದವು. ಒಂಬತ್ತು ಗಂಭೀರ. ಹತ್ತನೆಯದು ಪದ್ಧತಿಯ ಪ್ರಕಾರ ತಮಾಷೆಗೆ ಮೀಸಲು. ಅದರ ಮೇಲೆ ಪ್ರಶ್ನೆ ಹಾಕಿದ ಪರೀಕ್ಷಕರನ್ನು ಆ ವಿಶ್ವವಿದ್ಯಾಲಯದಲ್ಲಿ ಯಾರೂ ಕಂಡಿರಲಿಲ್ಲ.

ಬೂಲೆನ್ಸ್ ಗಟ್ಟಿಯಾಗಿ ಓದಿದರು: "‘ಟೀವಿ ಧಾರಾವಾಹಿಯಲ್ಲಿ ಆಕಾಶನೌಕೆಯ ಸೂರ್ಯಭಂಜಕ ಫಿರಂಗಿ ಕೊನೆಯ ಕಂತಿನಲ್ಲಿ ಠುಸ್ ಎಂದದ್ದು ನಾಯಕನ ಶೌರ್ಯದಿಂದಲ್ಲ, ಅದನ್ನು ತಣ್ಣಗಿಡುವ ನೀರಿನ ಕೊಳವೆಯಲ್ಲಿ ಕಪ್ಪೆಚಿಪ್ಪು ಕಟ್ಟಿಕೊಂಡಿದ್ದರಿಂದ.’ ಏನು ತಾಯಿ ಇದು?"

ಸಭಾಂಗಣ ನಕ್ಕಿತು. ಪೀಟರ್ನೆಲ್‌ಗೆ ಹೋದ ಜೀವ ಬಂತು. ಅವಳು ಹೆದರಿದ್ದು ಬೇರೆಯದಕ್ಕೆ. ಸಮುದ್ರದ ನೀರಿನಿಂದ ವಿದ್ಯುತ್ ಸ್ಥಾವರವನ್ನು ತಂಪಾಗಿಡುವುದು ಹೇಗೆ ಎಂಬುದು ಅವಳ ಸಂಶೋಧನೆ. ನಾಲ್ಕನೇ ಅಧ್ಯಾಯದ ಒಂದು ಕೋಷ್ಟಕದಲ್ಲಿ ಜನವರಿಯ ನೀರಿನ ಉಷ್ಣತೆ ಇರಬೇಕಾದ ಕಡೆ ಜುಲೈ ತಿಂಗಳದ್ದು ಬಂದು ಕೂತಿತ್ತು. ಅಧ್ಯಾಯದ ತೀರ್ಮಾನವೇ ತಲೆಕೆಳಗು. ಪ್ರಬಂಧ ಅಚ್ಚಾಗಿ ಎಲ್ಲರ ಕೈ ಸೇರಿದ ಮೇಲೆ ಅದು ಕಣ್ಣಿಗೆ ಬಿದ್ದಿತ್ತು. ಆರು ವರ್ಷದ ದುಡಿಮೆ ಮಣ್ಣುಪಾಲಾದೀತೆಂದು ಯಾರಿಗೂ ಉಸುರಿರಲಿಲ್ಲ.

ನಾಲ್ಕು ಜನ ಪರೀಕ್ಷಕರು ಆಗಲೇ ಕೇಳಿ ಮುಗಿಸಿದ್ದರು. ಒಬ್ಬರಿಗೂ ಅದು ಕಂಡಿರಲಿಲ್ಲ. ಉಳಿದಿದ್ದವರು ಬೂಲೆನ್ಸ್ ಒಬ್ಬರೇ, ಅಲ್ಪವಿರಾಮ ತಪ್ಪಿದರೂ ಬಿಡದ ಮನುಷ್ಯ. ಗಡಿಯಾರದಲ್ಲಿ ಇನ್ನು ಹನ್ನೆರಡು ನಿಮಿಷ. ಆಮೇಲೆ ಕರಿ ನಿಲುವಂಗಿಯ ಹೆಂಗಸೊಬ್ಬಳು ಉದ್ದನೆಯ ಕೋಲು ಹಿಡಿದು ಬಂದು ‘ಹೊತ್ತಾಯಿತು’ ಎನ್ನುತ್ತಾಳೆ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಅರ್ಧ ಆಡಿದ ಮಾತನ್ನೂ ನುಂಗಿಕೊಳ್ಳಬೇಕು. ಹನ್ನೆರಡು ನಿಮಿಷ ತಾನೆ, ಕಪ್ಪೆಚಿಪ್ಪಿನಲ್ಲೇ ಕಳೆದುಬಿಡೋಣ ಎಂದುಕೊಂಡಳು ಪೀಟರ್ನೆಲ್.

"ಘನ ವಿದ್ವಾಂಸರೇ," ಎಂದು ಶುರುಮಾಡಿದಳು. ಪರೀಕ್ಷಕರನ್ನು ಹಾಗೆಯೇ ಕರೆಯಬೇಕು, ಮನಸ್ಸಿನಲ್ಲಿ ಬೈಯುತ್ತಿದ್ದರೂ. "ನಾಯಕ ಮಾಡಿದ್ದಾದ್ರೂ ಏನು? ಕತ್ತಿ ಹಿಡ್ಕೊಂಡು ಕಿರುಚಿದ. ಕಿರುಚಿದ್ರೆ ಫಿರಂಗಿ ಕೆಡಲ್ಲ. ಅಷ್ಟು ದೊಡ್ಡ ಯಂತ್ರ ಮೂರು ಸಲ ಹಾರಿಸಿದ್ರೆ ಕಾದು ಕೆಂಡ ಆಗುತ್ತೆ. ತಣ್ಣಗೆ ಮಾಡೋಕೆ ನೀರು ಬೇಕು. ನೀರಿದ್ದ ಕಡೆ ಕಪ್ಪೆಚಿಪ್ಪು ಬಂದೇ ಬರುತ್ತೆ."

"ಆಕಾಶದಲ್ಲಿ?"

"ಮೂವತ್ತನೇ ಕಂತಲ್ಲಿ ಸೈನಿಕರು ಊಟಕ್ಕೆ ಕೂತಿದ್ದಾರೆ, ಘನ ವಿದ್ವಾಂಸರೇ. ತಟ್ಟೆ ನೋಡಿ, ಕರೀ ಚಿಪ್ಪು. ಅಡುಗೆಯವನು ತೊಳೆದ ನೀರು ಮೋರಿಗೆ ಹೋಗುತ್ತೆ. ಆಕಾಶದಲ್ಲಿ ಬಾವಿ ತೋಡೋಕಾಗಲ್ಲ, ಅದನ್ನೇ ಸೋಸಿ ಮತ್ತೆ ಕೊಳವೆಗೆ ಬಿಡ್ತಾರೆ. ಒಂದು ಮರಿ ತಪ್ಪಿಸ್ಕೊಂಡ್ರೂ ಸಾಕು."

"ಅಲ್ಲಿ ತೂಕವೇ ಇಲ್ವಲ್ಲ. ಕೊಳವೆಗೆ ಅಂಟೋದು ಹೇಗೆ?"

"ಅಂಟೋಕೆ ತೂಕ ಯಾಕೆ, ನೂಲು ಸಾಕು. ಮೈಯಿಂದ ನೂಲು ಬಿಟ್ಟು ಹಿಡ್ಕೊಳ್ಳುತ್ತೆ. ಸಮುದ್ರದಲ್ಲಾದ್ರೆ ಅಲೆ ಬಂದು ಕಿತ್ತು ಹಾಕುತ್ತೆ, ಅಲ್ಲಿ ಅಲೆಯ ಕಾಟವೂ ಇಲ್ಲ. ನನ್ನ ಲೆಕ್ಕದಲ್ಲಿ ತಿಂಗಳಿಗೆ ನಾಲ್ಕು ಬೆರಳು ದಪ್ಪ."

"ಸರಿ, ನೀರು ಬಸಿದು ಒಣಗಿಸಿದ್ರು ಅಂತಿಟ್ಕೊಳ್ಳಿ. ಎಷ್ಟು ದಿನ ಬದುಕುತ್ತೆ?"

"ತಣ್ಣಗಿದ್ರೆ ಹತ್ತು ದಿನ," ಎಂದಿತು ಮೊದಲ ಸಾಲಿನಿಂದ ಒಂದು ಒರಟು ದನಿ. ಪೀಟರ್ನೆಲ್‌ಳ ಅಪ್ಪ ಕ್ರೈನ್. ನಲವತ್ತು ವರ್ಷ ಕಪ್ಪೆಚಿಪ್ಪು ಹಿಡಿದು ಮಾರಿದವನು. ಹೊಸ ಕೋಟಿನಲ್ಲಿ ಉಸಿರು ಕಟ್ಟಿ ಕೂತಿದ್ದವನಿಗೆ ಬೆಳಗಿನಿಂದ ಅರ್ಥವಾದ ಮೊದಲ ಪ್ರಶ್ನೆ ಇದು. ಪ್ರೇಕ್ಷಕರು ಬಾಯಿ ತೆರೆಯುವಂತಿಲ್ಲ. ಅಧ್ಯಕ್ಷತೆ ವಹಿಸಿದ್ದ ರೆಕ್ಟರ್ ಕಣ್ಣು ಕೆಂಪಗೆ ಮಾಡಿದರು. "ಇರೋದನ್ನ ಹೇಳ್ದೆ," ಎಂದು ಕ್ರೈನ್ ಗೊಣಗಿದ.

ಬೂಲೆನ್ಸ್ ಮಾತ್ರ ‘ಹತ್ತು ದಿನ’ ಎಂದು ನಿಜವಾಗಿಯೂ ಬರೆದುಕೊಂಡರು, ಚಿಪ್ಪಿನ ಮೇಲೆ ಇನ್ನೂ ನಾಲ್ಕಾರು ಪ್ರಶ್ನೆ ಹಾಕಿದರು. ಗಡಿಯಾರದಲ್ಲಿ ಇನ್ನು ಒಂದೇ ನಿಮಿಷ. ಪೀಟರ್ನೆಲ್‌ಗೆ ಕುಣಿಯುವಷ್ಟು ಖುಷಿಯಾಯಿತು.

"ಕೊನೇದೊಂದು ಕೇಳ್ತೀನಿ," ಎಂದರು ಬೂಲೆನ್ಸ್. "ಆ ಕೊಳವೆ ನೋಡ್ಕೊಳ್ಳೋ ಇಂಜಿನಿಯರ್ ಒಬ್ಬ ಇರಬೇಕಲ್ಲ. ಅವನಿಗೆ ಗೊತ್ತಿತ್ತಾ?"

"ಗೊತ್ತಿರಲೇಬೇಕು, ಘನ ವಿದ್ವಾಂಸರೇ. ಮಾಪಕದಲ್ಲಿ ಕಾಣುತ್ತೆ."

"ಮತ್ಯಾಕೆ ಹೇಳಲಿಲ್ಲ?"

"ಹೇಗೆ ಹೇಳ್ತಾನೆ ಪಾಪ. ಎಲ್ಲ ತಯಾರಾದ ಮೇಲೆ ಗೊತ್ತಾಗಿದೆ. ಚಕ್ರವರ್ತಿ ಬಂದು ಕೂತಿದ್ದಾನೆ. ಬ್ಯಾಂಡ್ ಬಾರಿಸ್ತಿದ್ದಾರೆ. ಮನೆಯವರು ಹೊಸ ಬಟ್ಟೆ ಹಾಕ್ಕೊಂಡು ಮೊದಲನೇ ಸಾಲಲ್ಲಿ..."

ಅಷ್ಟರಲ್ಲಿ ಅವಳ ಕಣ್ಣು ಅಪ್ಪನ ಹೊಸ ಕೋಟಿನ ಮೇಲೆ ಬಿತ್ತು. ಸಭೆ ಇನ್ನೂ ನಗುತ್ತಲೇ ಇತ್ತು. ಬೂಲೆನ್ಸ್ ನಗುತ್ತಿರಲಿಲ್ಲ. ಅವರು ಮುಚ್ಚಿಟ್ಟಿದ್ದ ಪ್ರಬಂಧದೊಳಗಿಂದ ಒಂದೇ ಒಂದು ಹಳದಿ ಚೀಟಿ ಇಣುಕುತ್ತಿತ್ತು, ಸುಮಾರು ನಾಲ್ಕನೇ ಅಧ್ಯಾಯದ ಹತ್ತಿರ.

ಬಾಗಿಲು ತೆರೆಯಿತು. ಕರಿ ನಿಲುವಂಗಿಯವಳು ಒಳಗೆ ಬಂದು ಕೋಲನ್ನು ನೆಲಕ್ಕೆ ಕುಟ್ಟಿದಳು. "ಹೊತ್ತಾಯಿತು."

ಬಚಾವಾಗಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಅರ್ಧ ಗಂಟೆಯಲ್ಲಿ ಡಾಕ್ಟರ್ ಪೀಟರ್ನೆಲ್. ಅಪ್ಪ ಆಗಲೇ ಚಪ್ಪಾಳೆಗೆ ಕೈ ಎತ್ತಿದ್ದ. ಅವನ ಮುಖ ನೋಡಿ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ನಾಲ್ಕನೇ ಅಧ್ಯಾಯದ ಕೋಷ್ಟಕ ತಪ್ಪು," ಎಂದಳು. "ಗೊತ್ತಿದ್ದೂ ಹೇಳಲಿಲ್ಲ."

ರೆಕ್ಟರ್ ಗಂಟಲು ಸರಿಮಾಡಿಕೊಂಡು, "ಹೊತ್ತು ಮೀರಿ ಆಡಿದ್ದು ಕಡತಕ್ಕೆ ಹೋಗಲ್ಲಮ್ಮ. ಅದನ್ನ ಯಾರೂ ಕೇಳಿಸ್ಕೊಂಡಿಲ್ಲ," ಎಂದರು. ಪಾಪ, ಒಳ್ಳೆಯ ಮಾತನ್ನೇ ಹೇಳಿದ್ದರು.

ಬೂಲೆನ್ಸ್ ಎದ್ದವರು ಮತ್ತೆ ಕೂತು, ಪೆನ್ನಿನ ಮುಚ್ಚಳ ತೆಗೆದರು.

"ನನಗೆ ಕಿವಿ ಸ್ವಲ್ಪ ಮಂದ. ಕೋಲಿನ ಸದ್ದು ಕೇಳಿಸಲಿಲ್ಲ. ಎಷ್ಟನೇ ಕೋಷ್ಟಕ ಅಂದ್ರಿ?"