ಫ್ರಿಜ್ಜಿನದ್ದೋ, ಕಪಾಟಿನದ್ದೋ

ಶುಕ್ರವಾರ ಬೆಳಿಗ್ಗೆ ಹತ್ತೂವರೆ. ಕೋಟೆಗಳ ಹಳೆಯ ಊರು ಅಲ್ ಐನ್‌ನ ಸಹಾಯಾರ್ಥ ಆಹಾರ ಮೇಳದಲ್ಲಿ, ದುಬೈಯಿಂದ ಬಂದಿದ್ದ ಎಲ್ಸಿಯ ಮೇಜಿನಿಂದ ತಪಾಸಣೆಯ ಅಧಿಕಾರಿ ಕೆಂಪು ಬಾಟಲಿಯೊಂದನ್ನು ಎತ್ತಿಕೊಂಡರು.

“ಪುನರ್ಪುಳಿ ಹಣ್ಣಿನ ಜ್ಯೂಸ್, ಸರ್,” ಎಂದಳು ಎಲ್ಸಿ.

ಗಂಡ ಆಸ್ವಾಲ್ಡ್ ಅವಳ ಕಿವಿಯಲ್ಲಿ ಪಿಸುಗುಟ್ಟಿದ: “ನಾನು ಕಾರಿಗೆ ಹಾಕಿದ್ದು ಫ್ರಿಜ್ಜಿನದ್ದೋ, ಕಪಾಟಿನದ್ದೋ ನೆನಪಿಲ್ಲ ಮಾರಾಯ್ತಿ.”

“ಅಯ್ಯೋ, ಕಪಾಟಿನದ್ದು ಕ್ರಿಸ್ಮಸ್ಸಿಗೆ ಮಾಡಿದ ವೈನ್! ನಮ್ಮ ವೀಸಾ ಖಲಾಸ್.”

ಮನೆಯಲ್ಲಿ ವೈನ್ ಮಾಡುವುದು ಅಲ್ಲಿ ಅಪರಾಧ. ಅಧಿಕಾರಿ ಲೋಟಕ್ಕೆ ಸುರಿದು, ಮೊದಲು ನೀವೇ ಕುಡಿಯಿರಿ ಎಂದು ಅವಳತ್ತ ಚಾಚಿದರು. ಎಲ್ಸಿ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು. ನಾಲಿಗೆಗೆ ಮೊದಲು ತಾಗಿದ್ದು ಉಪ್ಪು, ಆಮೇಲೆ ಜೀರಿಗೆ. ಅವಳು ಲೋಟವನ್ನು ಪೂರ್ತಿ ಖಾಲಿ ಮಾಡಿದಳು. ಅಧಿಕಾರಿ ತಾವೂ ಒಂದು ಲೋಟ ಕುಡಿದು, ಇನ್ನೊಂದು ಕೇಳಿದರು.